ತಾತನ ನಂಬರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ: ಹಳ್ಳಿಯ ಮಾಜಿ ಸೈನಿಕರ ಚರಿತ್ರೆ ಹುಡುಕುವವರಿಗೆ

ಹೊಸಕೋಟೆ, ದೇವನಹಳ್ಳಿ, ಆನೇಕಲ್, ಮಾಗಡಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ‘ಮಿಲಿಟ್ರಿಯೋರ ಮನೆ’ ಅಂತ ಒಂದು ಮನೆ ಇರುತ್ತದೆ. ಹೋದವರು ಯಾರು, ಯಾವಾಗ ಹೋದರು ಅಂತ ಕೇಳಿದರೆ ಬರುವ ಉತ್ತರ ಎರಡು ಸಾಲಿನದು: ‘ತಾತ ಬರ್ಮಾ ಯುದ್ಧಕ್ಕೆ ಹೋಗಿದ್ರಂತೆ. ಕಾಗದ ಪತ್ರ ಏನೂ ಇಲ್ಲ.’ ಎರಡನೆಯ ಮಾತನ್ನು ಯಾವತ್ತೂ ನಂಬಬೇಡಿ. ಮೊದಲನೆಯದನ್ನು ಅರ್ಧ ನಂಬಿ ಸಾಕು. ಹಳ್ಳಿಯ ನೆನಪಿನಲ್ಲಿ ಹಡಗು ಹತ್ತಿದವರೆಲ್ಲ ಬರ್ಮಾಕ್ಕೇ ಹೋದವರು.

ಹುಡುಕಬೇಕಾದದ್ದು ಯುದ್ಧವನ್ನಲ್ಲ, ನಂಬರನ್ನು. ಸೈನ್ಯದಲ್ಲಿ ಮನುಷ್ಯನ ಗುರುತು ಹೆಸರಲ್ಲ, ಸೇವಾ ನಂಬರು. ಅದು ಡಿಸ್ಚಾರ್ಜ್ ಬುಕ್ಕಿನ (ಬಿಡುಗಡೆಯಾಗುವಾಗ ಕೊಡುವ ಸೇವಾ ಪುಸ್ತಕ) ಮೊದಲ ಪುಟದಲ್ಲಿರುತ್ತದೆ, ಪಿಂಚಣಿದಾರರಾಗಿದ್ದರೆ ಪಿಪಿಓದಲ್ಲಿ, ಅಂದರೆ ಪಿಂಚಣಿ ಪಾವತಿ ಆದೇಶದಲ್ಲಿರುತ್ತದೆ. ಎರಡೂ ಕಳೆದುಹೋಗಿದ್ದರೆ ಅಟ್ಟದ ಮೇಲಿನ ಕಪ್ಪು ಟ್ರಂಕನ್ನು ಇಳಿಸಿ ನೋಡಿ. ಮುಚ್ಚಳದ ಮೇಲೋ ಪಕ್ಕದಲ್ಲೋ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆಸುವ ರೂಢಿ ಇತ್ತು. ಮೇಲೆ ಹೊಸ ಪೇಂಟ್ ಬಳಿದಿದ್ದರೂ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರದ ಉಬ್ಬು ಕಾಣುತ್ತದೆ. ಹಳೆಯ ಪಾಸ್‌ಬುಕ್, ಕ್ಯಾಂಟೀನ್ ಕಾರ್ಡು, ಜಮೀನು ಮಂಜೂರಾತಿಗೆ ಹಾಕಿದ ಅರ್ಜಿಯ ನಕಲು, ಇವೆಲ್ಲದರಲ್ಲೂ ಅದು ಬಂದಿರುವ ಸಾಧ್ಯತೆ ಇದೆ.

ಇನ್ನೊಂದು ಜಾಗ ಪದಕದ ಅಂಚು. ದುಂಡನೆಯ ಪದಕವಾದರೆ ಸುತ್ತಿನ ಅಂಚಿನ ಮೇಲೆ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ ನಂಬರು, ಹುದ್ದೆ, ಹೆಸರು ಸಣ್ಣಗೆ ಅಚ್ಚಾಗಿರುತ್ತವೆ. ಹಬ್ಬಕ್ಕೊಮ್ಮೆ ಹುಣಸೆಹಣ್ಣು, ಬ್ರಾಸೋ ಹಾಕಿ ಪದಕ ಉಜ್ಜಿ ಹೊಳಪಿಸಿದ ಮನೆಗಳಲ್ಲಿ ಮೊದಲು ಸವೆದುಹೋಗುವುದು ಇದೇ ಅಕ್ಷರ. ಆದ್ದರಿಂದ ಉಜ್ಜಬೇಡಿ, ರಿಬ್ಬನ್ನೂ ಬದಲಾಯಿಸಬೇಡಿ. ಮೊಬೈಲಿನಲ್ಲಿ ಅಂಚಿನ ಸುತ್ತ ನಾಲ್ಕಾರು ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಹಾಗೆಯೇ ಡಿಸ್ಚಾರ್ಜ್ ಬುಕ್ಕನ್ನು ಯಾರು ಹೇಳಿದರೂ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಹಳೆ ಕಾಗದ ಕಂದುತ್ತದೆ, ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪೂ ಬೇಡ. 600 ಡಿಪಿಐನಲ್ಲಿ ಎಲ್ಲ ಪುಟ ಸ್ಕ್ಯಾನ್ ಮಾಡಿಸಿ. ಖಾಲಿ ಪುಟಗಳನ್ನೂ ಬಿಡಬೇಡಿ, ಮುದ್ರೆ ಬಿದ್ದಿರುವುದು ಎಷ್ಟೋ ಸಲ ಅಲ್ಲೇ.

ನಂಬರು ಬರೆದುಕೊಳ್ಳುವಾಗ ಕೊನೆಯ ಇಂಗ್ಲಿಷ್ ಅಕ್ಷರವನ್ನು ಬಿಡಬೇಡಿ, ಅದು ಅಂಕಿ ತಪ್ಪಾಗಿದೆಯೇ ಎಂದು ತಾಳೆ ನೋಡಲು ಇಟ್ಟದ್ದು. ಸ್ವಾತಂತ್ರ್ಯಾನಂತರದ ಕಾಲಾಳು ಪಡೆಗಳಲ್ಲಿ 25ರಿಂದ ಶುರುವಾಗುವ ಏಳಂಕಿಯ ನಂಬರು ಮದ್ರಾಸ್ ರೆಜಿಮೆಂಟಿನದು, 27ರದು ಮರಾಠಾ ಲೈಟ್ ಇನ್‌ಫೆಂಟ್ರಿಯದು. ನಾಯಬ್ ಸುಬೇದಾರ್ ಆದವರಿಗೆ ಜೆಸಿ (ಜೂನಿಯರ್ ಕಮಿಷನ್ಡ್) ಎಂದು ಶುರುವಾಗುವ ಹೊಸ ನಂಬರು ಸಿಕ್ಕಿರುತ್ತದೆ, ಹಳೆಯದೂ ಕಡತದಲ್ಲಿರುತ್ತದೆ, ಎರಡನ್ನೂ ಇಟ್ಟುಕೊಳ್ಳಿ. ಅಂದಹಾಗೆ 1965ಕ್ಕೆ ಮುಂಚೆ ಆ ಹುದ್ದೆಯ ಹೆಸರು ಜಮಾದಾರ್. ‘ತಾತ ಜಮಾದಾರ ಆಗಿದ್ರು’ ಎಂದರೆ ಮೊಮ್ಮಕ್ಕಳು ಮುಜುಗರಪಡುವುದುಂಟು. ಅದು ಹವಿಲ್ದಾರನಿಗಿಂತ ಮೇಲಿನ ಹುದ್ದೆ. ಎರಡನೇ ಮಹಾಯುದ್ಧದ ಕಾಲದ ನಂಬರಾದರೆ ಒಂದೇ ನಂಬರು ಬೇರೆಬೇರೆ ದಳಗಳಲ್ಲಿ ಬೇರೆಯವರಿಗೆ ಇರಬಹುದು. ದಳದ ಹೆಸರು ಜತೆಗಿಲ್ಲದೆ ಅದು ಕೆಲಸಕ್ಕೆ ಬಾರದು.

ಪದಕಗಳು ಹೇಳುವುದು, ಹೇಳದಿರುವುದು

ಬರ್ಮಾದ ಮಾತನ್ನು ಮೊದಲು ಇಲ್ಲಿ ಪರೀಕ್ಷಿಸಬಹುದು. 1939–45ರ ಪದಕಗಳಲ್ಲಿ ಆರು ಮೂಲೆಯ ಹಳದಿ ಲೋಹದ ನಕ್ಷತ್ರಗಳು ರಣರಂಗದ ಗುರುತು: ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಮಲಯ, ಸಿಂಗಪುರದಲ್ಲಿದ್ದವರಿಗೆ ಪೆಸಿಫಿಕ್ ಸ್ಟಾರ್. ಮನೆಯಲ್ಲಿರುವುದು ದುಂಡನೆಯ ವಾರ್ ಮೆಡಲ್ ಮತ್ತು ಇಂಡಿಯಾ ಸರ್ವಿಸ್ ಮೆಡಲ್ ಎರಡೇ ಆದರೆ ಅವರು ಯುದ್ಧಕಾಲವನ್ನು ದೇಶದೊಳಗಿನ ಡಿಪೋ, ತರಬೇತಿ ಕೇಂದ್ರ, ಸಾಗಣೆ ಕೆಲಸದಲ್ಲಿ ಕಳೆದಿರುವ ಸಂಭವವೇ ಹೆಚ್ಚು. ನಕ್ಷತ್ರ ಇಲ್ಲವೆಂದ ಮಾತ್ರಕ್ಕೆ ಹೋಗಲಿಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ. ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ಪದಕ ತರಿಸಿಕೊಳ್ಳುವ ಗೋಜಿಗೇ ಹೋಗದವರು ಬಹಳ.

ಮುತ್ತಾತನ ಕಾಲದ ಮೊದಲ ಮಹಾಯುದ್ಧದ ಪದಕ ಸಿಕ್ಕರೆ ಲೋಹ ನೋಡಿ. ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದಾದರೆ ಸಿಪಾಯಿ ಇತ್ಯಾದಿ. ಅದೇ ಪದಕ ಕಂಚಿನಲ್ಲಿದ್ದರೆ ಅವರು ಕೂಲಿ ದಳದಲ್ಲೋ ಸೈನ್ಯದ ಪರಿಚಾರಕ ಕೆಲಸದಲ್ಲೋ ಹೋದವರು. ಬೆಳ್ಳಿಯದನ್ನು ಕರಗಿಸಿದ ಮನೆಗಳೂ ಉಂಟು, ಕಂಚು ಉಳಿದುಕೊಂಡಿದೆ.

1947ರ ಈಚಿನವು ಸುಲಭ. 1965ರಲ್ಲಿ ಕಾದಾಟದ ವಲಯದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್, ಆ ಹೊತ್ತಿಗೆ ಸೇವೆಯಲ್ಲಿದ್ದವರಿಗೆ ರಕ್ಷಾ ಮೆಡಲ್. 1971ರಲ್ಲಿ ಬಾಂಗ್ಲಾದ ಕಡೆ ಪೂರ್ವಿ ಸ್ಟಾರ್, ಪಾಕಿಸ್ತಾನದ ಗಡಿಯ ಕಡೆ ಪಶ್ಚಿಮಿ ಸ್ಟಾರ್, ಜತೆಗೆ ಸಂಗ್ರಾಮ ಮೆಡಲ್. ಸೈನ್ಯ ಸೇವಾ ಮೆಡಲಿನ ರಿಬ್ಬನ್ ಮೇಲೆ ಲೋಹದ ಪಟ್ಟಿ ಇದ್ದು ಅದರಲ್ಲಿ ಹಿಮಾಲಯ, ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ) ಎಂದೇನಾದರೂ ಇದ್ದರೆ ಅದೇ ಅವರ ಪೋಸ್ಟಿಂಗ್. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಎಲ್ಲರಿಗೂ ಒಂದು ಪದಕ ಕೊಟ್ಟರು, 9 ವರ್ಷದ, 20 ವರ್ಷದ ಸೇವೆಗೂ ಪದಕವಿದೆ. ಎದೆಯ ಮೇಲೆ ಆರು ಪದಕ ಎಂದರೆ ಆರು ಯುದ್ಧವಲ್ಲ.

ಒಂದೇ ಊರು, ಎರಡು ಸೈನ್ಯ

ಬೆಂಗಳೂರಿನ ಸುತ್ತಮುತ್ತ ಹುಡುಕುವವರು ದಾರಿ ತಪ್ಪುವುದು ಇಲ್ಲೇ. 1947ರವರೆಗೆ ಈ ಊರಲ್ಲಿ ಎರಡು ಆಡಳಿತ. ಪೇಟೆಯೂ ಸುತ್ತಲ ಹಳ್ಳಿಗಳೂ ಮೈಸೂರು ಮಹಾರಾಜರವು, ದಂಡು ಪ್ರದೇಶ ಬ್ರಿಟಿಷರದು. ಹೊಸಕೋಟೆಯ ಹುಡುಗ ಹಲಸೂರಿಗೆ ನಡೆದುಹೋಗಿ ಮದ್ರಾಸ್ ಸ್ಯಾಪರ್ಸ್ (ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೇರಿದರೆ ಬ್ರಿಟಿಷ್ ಇಂಡಿಯಾದ ಸೈನಿಕ. ಅವನ ತಮ್ಮ ಮೈಸೂರು ಲ್ಯಾನ್ಸರ್ಸ್ ಅಥವಾ ಮೈಸೂರು ಇನ್‌ಫೆಂಟ್ರಿ ಸೇರಿದರೆ ಸಂಸ್ಥಾನದ ಸೈನಿಕ. ಒಂದೇ ಮನೆ, ಒಂದೇ ಯುದ್ಧ, ಕಾಗದ ಮಾತ್ರ ಬೇರೆಬೇರೆ ಕಡೆ.

ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜತೆ ಹೈಫಾ ಹಿಡಿಯಿತು, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನದಲ್ಲಿ ಕಾದಿತು. ಜೆ.ಸಿ. ನಗರದ ಸ್ಮಾರಕ ಅವರದೇ. ಈ ದಳ 1953ರಲ್ಲಿ ಬೇರೆ ಸಂಸ್ಥಾನಗಳ ಅಶ್ವದಳಗಳೊಂದಿಗೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿ ವಿಮಾನ ನಿಲ್ದಾಣದ ಕಾವಲಿಗಿದ್ದು 1942ರ ಫೆಬ್ರವರಿ 15ರ ಶರಣಾಗತಿಯಲ್ಲಿ ಸೆರೆಯಾಯಿತು. ಆಮೇಲೆ ಅದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಸಂಸ್ಥಾನದ ಕಾಲದ ನೇಮಕ, ಬಡ್ತಿ, ಪಿಂಚಣಿಯ ಕಡತಗಳಿಗೆ ಮೊದಲು ನೋಡಬೇಕಾದ್ದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವನ್ನು. ಅಲ್ಲಿ ವ್ಯಕ್ತಿಯ ಹೆಸರು ಹೇಳಿ ಕೇಳಿದರೆ ಸಿಗುವುದು ಕಡಿಮೆ. ಇಲಾಖೆ ಮತ್ತು ವರ್ಷ ಹಿಡಿದು ಸೂಚಿಯನ್ನು ನೋಡುತ್ತ ಹೋಗಬೇಕು.

ಸಿಂಗಪುರದ ಸೆರೆಯಾಳುಗಳಲ್ಲಿ ಕೆಲವರು ನೇತಾಜಿಯವರ ಆಜಾದ್ ಹಿಂದ್ ಫೌಜಿಗೆ ಹೋದರು. ಯುದ್ಧ ಮುಗಿದಾಗ ಬ್ರಿಟಿಷರು ನಿಷ್ಠೆಯನ್ನು ಅಳೆದು ಅವರನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿ ಹಲವರನ್ನು ಸೇವೆಯಿಂದ ವಜಾ ಮಾಡಿದರು. ತಾತ ಸೈನ್ಯದಲ್ಲಿದ್ದದ್ದು ಖಚಿತ, ಆದರೆ ಪಿಂಚಣಿಯೂ ಇಲ್ಲ ಬಿಡುಗಡೆಯ ಪತ್ರವೂ ಇಲ್ಲ ಎಂದಾದರೆ ಇದನ್ನೂ ಒಂದು ಕಾರಣವಾಗಿ ಇಟ್ಟುಕೊಳ್ಳಿ. ಆಗ ನೋಡಬೇಕಾದ್ದು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಡತವನ್ನು.

ಎಲ್ಲಿಗೆ ಬರೆಯಬೇಕು, ಏನು ಕೇಳಬೇಕು

ಸೈನಿಕರ ವೈಯಕ್ತಿಕ ಕಡತ ದೆಹಲಿಯಲ್ಲಿರುವುದಿಲ್ಲ, ಆಯಾ ದಳದ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ. ನಮ್ಮವರ ಪುಣ್ಯ, ಅವುಗಳಲ್ಲಿ ಹಲವು ಬೆಂಗಳೂರಿನಲ್ಲೇ ಇವೆ: ಮದ್ರಾಸ್ ಎಂಜಿನಿಯರ್ ಗ್ರೂಪ್, ಎಎಸ್‌ಸಿ (ಸರಬರಾಜು ದಳ) ದಕ್ಷಿಣ, ಪಯೋನಿಯರ್ ಕೋರ್, ಮಿಲಿಟರಿ ಪೊಲೀಸ್, ಪ್ಯಾರಾಶೂಟ್ ರೆಜಿಮೆಂಟ್. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮರಾಠಾದ್ದು ಬೆಳಗಾವಿಯಲ್ಲಿ, ಇಎಂಇ (ಯಂತ್ರ ದುರಸ್ತಿಯ ದಳ) ಸಿಕಂದರಾಬಾದ್, ತೋಪುಖಾನೆ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್‌ಪುರ, ಮೆಡಿಕಲ್ ಕೋರ್ ಲಖನೌ.

ದಳವೇ ಗೊತ್ತಿಲ್ಲದಿದ್ದರೆ ಹಳೆ ಫೋಟೋದ ಟೋಪಿ ಬ್ಯಾಡ್ಜು ಮತ್ತು ಭುಜದ ಪಟ್ಟಿ ನೋಡಿ. ಆನೆ ಇದ್ದರೆ ಮದ್ರಾಸ್ ರೆಜಿಮೆಂಟ್, ಕಹಳೆ ಇದ್ದರೆ ಮರಾಠಾ, ರೆಕ್ಕೆಯ ನಡುವೆ ಪ್ಯಾರಾಶೂಟ್ ಇದ್ದರೆ ಪ್ಯಾರಾ. ಬ್ಯಾಡ್ಜಿನ ಮೇಲೆ ಕಿರೀಟವಿದ್ದರೆ ಫೋಟೋ 1950ರ ಹಿಂದಿನದು, ಅಶೋಕ ಸಿಂಹವಿದ್ದರೆ ಈಚಿನದು. ತೋಳಿನ ಪಟ್ಟೆ ಒಂದಾದರೆ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಿಲ್ದಾರ್. ಹಳೆ ಕಾಗದಗಳಲ್ಲಿ ‘56 ಎಪಿಓ’ ಎಂಬ ಸೇನಾ ಅಂಚೆ ಕಚೇರಿಯ ವಿಳಾಸವಿದ್ದರೆ ಉತ್ತರ, ಪಶ್ಚಿಮದ ಕಡೆ, ‘99 ಎಪಿಓ’ ಇದ್ದರೆ ಈಶಾನ್ಯದ ಕಡೆ ಇದ್ದರೆಂದು ಸ್ಥೂಲವಾಗಿ ಹಿಡಿಯಬಹುದು. ಮನಿಆರ್ಡರ್ ತುಂಡುಗಳನ್ನು ಎಸೆಯಬೇಡಿ, ಅವುಗಳ ಮೇಲಿನ ಅಂಚೆ ಮುದ್ರೆಯ ತಾರೀಖು ಯಾರ ನೆನಪಿಗಿಂತಲೂ ಗಟ್ಟಿ.

ಮೊದಲು ವಾರಸುದಾರರ ಹೆಸರಿನಲ್ಲಿ ಸಾದಾ ಅರ್ಜಿ ಹಾಕಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ಉತ್ತರ ಬರುವುದು ಹೆಚ್ಚು ಖಾತ್ರಿ. ನಂಬರು, ಹೆಸರು, ತಂದೆಯ ಹೆಸರು, ಸೇರಿದಾಗಿನ ಊರು, ತಾಲ್ಲೂಕು, ಜಿಲ್ಲೆ, ಸೇರಿದ ಮತ್ತು ಬಿಡುಗಡೆಯಾದ ಅಂದಾಜು ವರ್ಷ, ನಿಮಗೂ ಅವರಿಗೂ ಇರುವ ಸಂಬಂಧದ ಪುರಾವೆ ಇವಿಷ್ಟು ಇರಲಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ. ಉತ್ತರಕ್ಕೆ 30 ದಿನ. ‘ಪರರ ವೈಯಕ್ತಿಕ ಮಾಹಿತಿ’ ಎಂದು ತಿರಸ್ಕರಿಸುವುದು ಸಾಮಾನ್ಯ, ಅದಕ್ಕೇ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಮೊದಲೇ ಲಗತ್ತಿಸಬೇಕು.

‘ತಾತನ ಸೇವೆಯ ಸಂಪೂರ್ಣ ವಿವರ ಕೊಡಿ’ ಎಂದು ಬರೆದರೆ ಕೆಲಸ ಕೆಡುತ್ತದೆ. ದಾಖಲೆಯ ಹೆಸರು ಹೇಳಿ ಕೇಳಿ: ಶೀಟ್ ರೋಲ್ (ಸೇವೆಯ ವಿವರದ ಹಾಳೆ), ಕಿಂಡ್ರೆಡ್ ರೋಲ್ (ಮನೆಯವರ ಪಟ್ಟಿ), ಪಾರ್ಟ್ ಟು ಆರ್ಡರ್‌ಗಳ (ಮದುವೆ, ಬಡ್ತಿಯಂಥ ಬದಲಾವಣೆಗಳನ್ನು ಪ್ರಕಟಿಸುವ ಆದೇಶ) ನಕಲು, ಲಾಂಗ್ ರೋಲಿನ ಉದ್ಧರಣೆ. ಕೊನೆಯದನ್ನು ಮರೆಯಲೇಬಾರದು. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತವನ್ನು 25 ವರ್ಷದ ನಂತರ ನಾಶಮಾಡುವ ನಿಯಮವಿದೆ. ಎರಡನೇ ಮಹಾಯುದ್ಧಕ್ಕೆಂದು ಸೇರಿ 1946ರ ಸುಮಾರಿಗೆ ಮನೆಗೆ ಬಂದವರಲ್ಲಿ ಬಹುಪಾಲು ಈ ಗುಂಪಿನವರು. ‘ದಾಖಲೆ ನಾಶವಾಗಿದೆ’ ಎಂಬ ಒಂದು ಸಾಲಿನ ಉತ್ತರ ನೋಡಿ ಜನ ಕೈಬಿಡುತ್ತಾರೆ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ಪಟ್ಟಿಪುಸ್ತಕವನ್ನು ನಾಶಮಾಡುವುದಿಲ್ಲ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಇರುತ್ತದೆ, ಕೆಲವೊಮ್ಮೆ ಆ ಸಾಲೇ ಎಲ್ಲಕ್ಕೂ ಆಧಾರ.

ಬಿಡುಗಡೆಯ ವರ್ಷ ಓದುವಾಗ ಒಂದು ಎಚ್ಚರ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸೇರಿದ ಅನೇಕರ ಕರಾರು 7 ವರ್ಷ ಕಲರ್ ಸರ್ವಿಸ್, 8 ವರ್ಷ ರಿಸರ್ವ್. ಅಂದರೆ 7 ವರ್ಷಕ್ಕೆ ಊರಿಗೆ ಬಂದು ರಾಗಿ ಬಿತ್ತುತ್ತಿದ್ದವರು ಕಾಗದದ ಮೇಲೆ ಇನ್ನೂ ಸೈನಿಕರೇ, ಯುದ್ಧ ಬಂದರೆ ಕರೆ ಬರುತ್ತಿತ್ತು. ‘ತಾತ 1960ರಲ್ಲೇ ಬಿಟ್ಟು ಬಂದಿದ್ದರು, 65ರ ಪದಕ ಹೇಗೆ ಬಂತು?’ ಎಂಬ ಗೊಂದಲಕ್ಕೆ ಉತ್ತರ ಬಹುಮಟ್ಟಿಗೆ ಇದೇ.

ಹೆಸರು, ಊರು, ಹುಟ್ಟಿದ ದಿನ

ಮೂರನ್ನೂ ಅನುಮಾನದಿಂದಲೇ ನೋಡಬೇಕು. ಮುನಿಶಾಮಪ್ಪ ಕಡತದಲ್ಲಿ ಮುನಿಸ್ವಾಮಿ ಆಗಿರುತ್ತಾರೆ, ತಿಮ್ಮಯ್ಯ ತಿಮ್ಮಯ, ಪಿಳ್ಳಪ್ಪ ಪಿಲ್ಲಪ್ಪ. ಊರಿನ ಇನಿಷಿಯಲ್ಲನ್ನು ಗುಮಾಸ್ತ ತಂದೆಯ ಹೆಸರೆಂದು ವಿಸ್ತರಿಸಿ ಬರೆದಿರುವುದೂ ಇದೆ. ರಾಮನಗರ ಹಳೆಯ ಕಾಗದದಲ್ಲಿ ಕ್ಲೋಸ್‌ಪೇಟೆ. ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಒಡೆದದ್ದು 1986ರಲ್ಲಿ, ರಾಮನಗರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ. ಅರ್ಜಿಯಲ್ಲಿ ಈಗಿನ ಜಿಲ್ಲೆಯ ಜತೆ ಸೇರಿದ ಕಾಲದ ಜಿಲ್ಲೆಯನ್ನೂ ಬರೆಯಿರಿ. ಹುಟ್ಟಿದ ದಿನವಂತೂ ಸೇರಿದ ದಿನದಿಂದ ಸರಿಯಾಗಿ 18 ವರ್ಷ ಹಿಂದಿನ ತಾರೀಖಾಗಿದ್ದರೆ ಅದು ಅಂದಾಜಿನ ವಯಸ್ಸು. ಗುರುತಿನ ಮಚ್ಚೆ, ಎತ್ತರ ಬರೆದಿರುವ ಕಲಮು ಹೆಚ್ಚು ನಂಬಲರ್ಹ. ಅದನ್ನು ಅಜ್ಜಿಗೆ ಓದಿ ಹೇಳಿ, ಮನುಷ್ಯ ಅವರೇನಾ ಎಂದು ಅವರೇ ಹೇಳುತ್ತಾರೆ.

ಅಜ್ಜಿಯನ್ನು ಮಾತಾಡಿಸುವ ವಿಷಯವನ್ನೂ ಹೇಳಬೇಕು. 1965 ಮತ್ತು 71ರ ಯೋಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ‘ಯುದ್ಧ ಹೇಗಿತ್ತು?’ ಎಂದು ಕೇಳಿದರೆ ಸ್ವಾತಂತ್ರ್ಯ ದಿನದ ಭಾಷಣ ಬರುತ್ತದೆ. ರೈಲು ಎಲ್ಲಿ ಹತ್ತಿದಿರಿ, ಎಲ್ಲಿ ಬದಲಾಯಿಸಿದಿರಿ, ರಜೆಗೆ ಬರಲು ಎಷ್ಟು ದಿನ ಹಿಡಿಯುತ್ತಿತ್ತು, ಲಂಗರಿನಲ್ಲಿ (ಸೈನ್ಯದ ಅಡುಗೆಮನೆ) ರೊಟ್ಟಿ ಒಗ್ಗುವುದಕ್ಕೆ ಎಷ್ಟು ಕಾಲ ಬೇಕಾಯಿತು, ತರಬೇತಿ ಕೊಟ್ಟ ಉಸ್ತಾದ್ ಯಾವ ಕಡೆಯವರು ಅಂತ ಕೇಳಿ. ಜಾಗದ ಹೆಸರುಗಳು ತಾವಾಗಿ ಉದುರುತ್ತವೆ. ಹೆಂಡತಿಯನ್ನು ಬೇರೆಯಾಗಿ, ಗಂಡ ಎದುರಿಗಿಲ್ಲದಾಗ ಕೇಳಿ. ಹಣ ತಿಂಗಳಿಗೆ ಎಷ್ಟು ಬರುತ್ತಿತ್ತು, ಯಾರ ಕೈಗೆ ಬರುತ್ತಿತ್ತು, ಹೊಲ ಉತ್ತವರು ಯಾರು, ಕಾಗದ ಓದಿ ಹೇಳುತ್ತಿದ್ದವರು ಯಾರು. ಮನೆತನದ ಚರಿತ್ರೆ ಇರುವುದು ಈ ಉತ್ತರಗಳಲ್ಲಿ. ತಾರೀಖಿಗೆ ಮಕ್ಕಳ ವಯಸ್ಸನ್ನು ಹಿಡಿಯಿರಿ: ಯಾವ ಮಗು ಹುಟ್ಟಿದಾಗ ಅವರೆಲ್ಲಿದ್ದರು? ಮಗುವಿನ ಹುಟ್ಟಿನಿಂದ ಒಂಬತ್ತು ತಿಂಗಳು ಹಿಂದೆ ಎಣಿಸಿದರೆ ರಜೆಯ ತಿಂಗಳೂ ಸಿಗುತ್ತದೆ, ಇದನ್ನು ಮಾತ್ರ ಅಜ್ಜಿಯ ಎದುರು ಲೆಕ್ಕ ಹಾಕಬೇಡಿ.

ತಾಲ್ಲೂಕು ಕಚೇರಿಯನ್ನು ಜನ ಮರೆಯುತ್ತಾರೆ, ನಿಜವಾಗಿ ಅದು ರೆಕಾರ್ಡ್ಸ್ ಕಚೇರಿಯಷ್ಟೇ ಮುಖ್ಯ. ಮಾಜಿ ಸೈನಿಕರೆಂದು ಜಮೀನು ಮಂಜೂರಾಗಿದ್ದರೆ ಸಾಗುವಳಿ ಚೀಟಿಯಲ್ಲಿ ಮಂಜೂರಾತಿ ಆದೇಶದ ಸಂಖ್ಯೆ ಮತ್ತು ತಾರೀಖು ಇರುತ್ತದೆ. ಅದನ್ನು ಹಿಡಿದು ರೆಕಾರ್ಡ್ ರೂಮಿನಲ್ಲಿ ಮೂಲ ಕಡತದ ದೃಢೀಕೃತ ನಕಲು ಕೇಳಿ. ಡಿಸ್ಚಾರ್ಜ್ ಬುಕ್ಕಿನ ನಕಲನ್ನು ಅರ್ಜಿಗೆ ಲಗತ್ತಿಸಿರುತ್ತಿದ್ದರು, ಮನೆಯಲ್ಲಿ ಕಳೆದದ್ದು ಅಲ್ಲಿ ಸಿಗಬಹುದು. ಚೀಟಿಯೇ ಇಲ್ಲದಿದ್ದರೆ ಕಂಪ್ಯೂಟರ್ ಪಹಣಿಯಿಂದ ಹಿಂದಕ್ಕೆ ಕೈಬರಹದ ಪಹಣಿ, ಮ್ಯುಟೇಷನ್ ಹೀಗೆ ಹೋಗಿ ಮಂಜೂರಾತಿಯ ಉಲ್ಲೇಖ ಮೊದಲು ಬರುವ ವರ್ಷ ಹಿಡಿಯಿರಿ.

ವಾಪಸು ಬಾರದವರ ಮನೆಯವರಿಗೆ ದಾರಿ ಬೇರೆ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅನೇಕರಿಗೆ ತಂದೆ ಅಥವಾ ಹೆಂಡತಿಯ ಹೆಸರು, ಊರು ಸಹ ಇದೆ. ಹೆಸರಿನಿಂದ ಹುಡುಕಿದರೆ ಕಾಗುಣಿತದ ಜಗಳ. ದಳ ಮತ್ತು ವರ್ಷ ಹಾಕಿ, ಪಟ್ಟಿ ಇಳಿಸಿಕೊಂಡು, ಅದರಲ್ಲಿ ಊರಿನ ಹೆಸರಿನ ನಾಲ್ಕೈದು ರೂಪಗಳನ್ನು ಹುಡುಕುವುದು ಲೇಸು. 1947ರ ನಂತರದವರಿಗೆ ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕವಿದೆ, ಇಲ್ಲಿ ನೆಹರೂ ತಾರಾಲಯದ ಎದುರಿನ ರಾಷ್ಟ್ರೀಯ ಸೈನಿಕ ಸ್ಮಾರಕದ ಗೋಡೆಗಳಿವೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 900ರ ಸುಮಾರಿನ ಕಲ್ಲೊಂದು ಬೆಂಗಳೂರ ಕಾಳಗದಲ್ಲಿ ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಾಳಗದ ಜಾಗ ಮೂರನ್ನೂ ಕೆತ್ತಿಟ್ಟಿದೆ. ಅದನ್ನು ಬರೆಸಿದವನು ನಮ್ಮ ಗುಮಾಸ್ತರಿಗಿಂತ ಅಚ್ಚುಕಟ್ಟು.

ಇಷ್ಟು ಹುಡುಕಾಟದಲ್ಲಿ ದುಡ್ಡಿಗೆ ಸಂಬಂಧಿಸಿದ ತೊಡಕು ಒಂದೇ, ಹೆಂಡತಿಯ ಹೆಸರು. ತವರಲ್ಲಿ ಮುನಿಯಮ್ಮ, ಗಂಡನ ಮನೆಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ. ಮದುವೆಯ ವಿಷಯ ಪಾರ್ಟ್ ಟು ಆರ್ಡರಿನಲ್ಲಿ ಪ್ರಕಟವಾಗದೇ ಹೋಗಿದ್ದರೆ, ಅಥವಾ ಮೊದಲ ಹೆಂಡತಿ ತೀರಿಕೊಂಡು ಎರಡನೆಯವರ ಹೆಸರು ಸೇರದೇ ಹೋಗಿದ್ದರೆ, ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ಸೈನಿಕರು ಬದುಕಿರುವಾಗಲೇ ಇದನ್ನು ಸರಿಪಡಿಸಿಕೊಳ್ಳುವುದು ಎಷ್ಟೋ ಸುಲಭ: ಮ್ಯಾಜಿಸ್ಟ್ರೇಟರ ಮುಂದಿನ ಪ್ರಮಾಣಪತ್ರ, ದಂಪತಿಯ ಜಂಟಿ ಫೋಟೋ, ಆಧಾರ್, ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ನಕಲನ್ನು ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಕಳಿಸಿ, ತಿದ್ದುಪಡಿ ಪಿಪಿಓ ಬರುವತನಕ ಬೆನ್ನು ಹತ್ತಬೇಕು. ಅವರು ತೀರಿಕೊಂಡ ಮೇಲಾದರೆ ಇದೇ ಕಾಗದಗಳ ಜತೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಸೇರುತ್ತವೆ. ವಂಶವೃಕ್ಷ ಬರೆಸುವಾಗ ತೀರಿಹೋದ ಮಕ್ಕಳನ್ನೂ, ಮೊದಲ ಹೆಂಡತಿಯನ್ನೂ ಬಿಡದೆ ಬರೆಸಿ. ಕಿಂಡ್ರೆಡ್ ರೋಲಿನಲ್ಲಿರುವ ಒಂದು ಹೆಸರು ಇದರಲ್ಲಿ ಇಲ್ಲದಿದ್ದರೂ ಕಡತ ವಾಪಸು ಬರುತ್ತದೆ.